ಏಳು ಸ್ವರಗಳಿಂದ ಭಾಷೆ ಕಟ್ಟಿದ ಶಿಕ್ಷಕ: ಫ್ರಾನ್ಸ್ವಾ ಸ್ಯೂದ್ರ್

ಝಾನ್ ಫ್ರಾನ್ಸ್ವಾ ಸ್ಯೂದ್ರ್ ಅವರು 1787ರ ಆಗಸ್ಟ್ 15ರಂದು ದಕ್ಷಿಣ ಫ್ರಾನ್ಸಿನ ಆಲ್ಬಿ ಪಟ್ಟಣದಲ್ಲಿ ಹುಟ್ಟಿದರು. ಪ್ಯಾರಿಸ್ಸಿನ ಕನ್ಸರ್ವೇಟರಿಯಲ್ಲಿ ಕಲಿತು ಸಂಗೀತ ಶಿಕ್ಷಕರಾದರು. ಮೊದಲು ದಕ್ಷಿಣದ ಊರುಗಳಲ್ಲಿ ಪಾಠ ಹೇಳಿ, ಆಮೇಲೆ ಪ್ಯಾರಿಸ್ಸಿನಲ್ಲಿ ನೆಲೆಸಿದರು. ದೋ, ರೆ, ಮಿ, ಫಾ, ಸೋಲ್, ಲಾ, ಸಿ ಎಂಬ ಏಳು ಸ್ವರಗಳಿಂದಲೇ ಅವರು ಸೋಲ್‌ರೆಸೋಲ್ ಎಂಬ ಇಡೀ ಭಾಷೆಯನ್ನು ಕಟ್ಟಿದರು. ಎಂಟನೇ ತರಗತಿಯ ಘಾತಾಂಕಗಳ ಪಾಠ ಯೋಜನೆಗೆ ಉದಾಹರಣೆ ಹುಡುಕುವಾಗ ನನಗೆ ಅವರ ಪರಿಚಯವಾಯಿತು.

ಅವರ ಮೊದಲ ಪ್ರಯತ್ನ ಅಕ್ಷರಗಳಿಗೆ ಸ್ವರಗಳನ್ನು ಜೋಡಿಸುವುದಾಗಿತ್ತು. 1820ರ ದಶಕದ ಕೊನೆಯಲ್ಲಿ ಅವರು ಸಾರ್ವಜನಿಕ ಪ್ರದರ್ಶನಗಳನ್ನು ಕೊಡತೊಡಗಿದರು. ಸಭಿಕರು ಕೊಟ್ಟ ವಾಕ್ಯವನ್ನು ಅವರು ಪಿಟೀಲಿನಲ್ಲಿ ನುಡಿಸುತ್ತಿದ್ದರು. ಶಿಷ್ಯರು ಅದನ್ನು ಕೇಳಿ ಮಾತಿಗೆ ತಿರುಗಿಸುತ್ತಿದ್ದರು. ಫ್ರಾನ್ಸಿನ ಸೇನೆಯೂ ಈ ಕ್ರಮವನ್ನು ಕಹಳೆಯಿಂದ ದೂರಕ್ಕೆ ಆಜ್ಞೆ ಕಳಿಸಲು ಪರೀಕ್ಷಿಸಿತು. ಆದರೆ ಅದು ಕಾಯಂ ಬಳಕೆಗೆ ಬರಲಿಲ್ಲ.

ಬಳಿಕ ಸ್ಯೂದ್ರ್ ಅಕ್ಷರಗಳನ್ನು ಬಿಟ್ಟು, ಸ್ವರಗಳ ಗುಂಪಿಗೆ ನೇರವಾಗಿ ಅರ್ಥ ಕೊಟ್ಟರು. ‘ಸಿ’ ಎಂದರೆ ಹೌದು, ‘ದೋ’ ಎಂದರೆ ಇಲ್ಲ. ‘ದೋಮಿಸೋಲ್’ ದೇವರು, ಅದನ್ನೇ ಹಿಂದುಮುಂದಾಗಿಸಿದ ‘ಸೋಲ್‌ಮಿದೋ’ ಸೈತಾನ. ತಿರುಗಿಸಿದರೆ ವಿರುದ್ಧಾರ್ಥ ಎಂಬ ಈ ನಿಯಮ ಮಕ್ಕಳಿಗೆ ಬಹಳ ಹಿಡಿಸಿತು. ಒಂದು ಸ್ವರದ ಗುಂಪುಗಳು 7, ಎರಡರವು 49, ಮೂರರವು 343, ನಾಲ್ಕರವು 2401 ಸಾಧ್ಯ. ಏಳರ ಘಾತಗಳನ್ನು ಕಪ್ಪುಹಲಗೆಯ ಮೇಲೆ ಬರೆದಾಗ, ಇಷ್ಟೇ ಸ್ವರಗಳಿಂದ ನಿಘಂಟು ಹೇಗೆ ಸಾಧ್ಯ ಎಂಬ ಅನುಮಾನ ತರಗತಿಯಲ್ಲಿ ಉಳಿಯಲಿಲ್ಲ.

ಈ ಭಾಷೆಯನ್ನು ಹಾಡಬಹುದು, ನುಡಿಸಬಹುದು, ಬೆರಳ ಸನ್ನೆಯಲ್ಲೂ ತೋರಿಸಬಹುದು. ಕಿವಿ ಕೇಳದವರನ್ನೂ ಕಣ್ಣು ಕಾಣದವರನ್ನೂ ಸ್ಯೂದ್ರ್ ತಮ್ಮ ಯೋಜನೆಯಿಂದ ಹೊರಗಿಡಲಿಲ್ಲ. ಬರೆಯುವುದಕ್ಕೂ ಸ್ವರಲಿಪಿಯೇ ಬೇಕೆಂದಿಲ್ಲ. ಸ್ವರದ ಹೆಸರು ಸಾಕು, ಅಥವಾ 1ರಿಂದ 7ರವರೆಗಿನ ಅಂಕಿ ಸಾಕು. ‘ದೋರೆ ಮಿಲಾಸಿ ದೋಮಿ’, ಅಂದರೆ ನಾನು ನಿನ್ನನ್ನು ಪ್ರೀತಿಸುತ್ತೇನೆ, ಎಂಬುದು 12 367 13 ಆಗುತ್ತದೆ. ರೋಮನ್ ಲಿಪಿಯಲ್ಲಿ ಮೊದಲಕ್ಷರ ಮಾತ್ರ ಬರೆದರೆ ಸೋಲ್ ಮತ್ತು ಸಿ ಎರಡೂ ಒಂದೇ ಅಕ್ಷರಕ್ಕೆ ಬಂದು ಗೊಂದಲವಾಗುತ್ತದೆ. ನಮ್ಮ ಸರಿಗಮಪದನಿಯಲ್ಲಿ ಆ ತೊಡಕಿಲ್ಲ ಎಂದು ಸಂಗೀತ ಕಲಿಯುವ ವಿದ್ಯಾರ್ಥಿನಿಯೊಬ್ಬಳು ತಾನಾಗಿಯೇ ಗುರುತಿಸಿದಳು. ಅಂಕಿಗಳನ್ನು ಬಿಡುವಿಲ್ಲದೆ 1236713 ಎಂದು ಬರೆದು ಓದಲು ಹೇಳಿದಾಗ ಒಂದೊಂದು ಗುಂಪು ಒಂದೊಂದು ಬಗೆಯಲ್ಲಿ ಒಡೆಯಿತು. ಬರವಣಿಗೆಯಲ್ಲಿ ಖಾಲಿ ಜಾಗ, ನುಡಿಸುವಾಗ ಮೌನ, ಇವೂ ಭಾಷೆಯ ಭಾಗ ಎಂಬುದನ್ನು ನಾನು ವಿವರಿಸುವ ಮೊದಲೇ ಅವರು ಕಂಡುಕೊಂಡರು.

1855ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಸ್ಯೂದ್ರ್ ಅವರಿಗೆ 10,000 ಫ್ರಾಂಕ್ ಬಹುಮಾನ ಬಂತು. 1862ರ ಲಂಡನ್ ಪ್ರದರ್ಶನದಲ್ಲಿ ಪದಕವೂ ದೊರೆಯಿತು. ಅದೇ ವರ್ಷ ಅವರು ತೀರಿಕೊಂಡರು. ದಶಕಗಳ ದುಡಿಮೆ ಪುಸ್ತಕವಾಗಿ ಹೊರಬಂದದ್ದು 1866ರಲ್ಲಿ, ಪತ್ನಿ ಜೋಸೆಫೀನ್ ಅವರ ಶ್ರಮದಿಂದ.

ಇಷ್ಟಾದರೂ ಆ ಭಾಷೆ ಜನರ ಬಾಯಿಗೆ ಬರಲಿಲ್ಲ. ಅದಕ್ಕೆ ಒಂದು ಕಾರಣ ಅದರ ರಚನೆಯಲ್ಲೇ ಇದೆ ಎಂದು ನನಗೆ ತೋರುತ್ತದೆ. ಏಳೇ ಧ್ವನಿಗಳಾದ್ದರಿಂದ ಪದಗಳು ಒಂದನ್ನೊಂದು ಹೋಲುತ್ತವೆ. ಒಂದು ಸ್ವರ ತಪ್ಪಿದರೆ ‘ನಾನು’ ಹೋಗಿ ‘ನೀನು’ ಆಗುತ್ತದೆ. ಕಟ್ಟಿದವರಿಗೆ ಮಿತವ್ಯಯವಾಗಿ ಕಂಡದ್ದು ಕಲಿಯುವವರ ನೆನಪಿಗೆ ಹೊರೆಯಾಯಿತು. ಅಚ್ಚುಕಟ್ಟಾದ ಪಾಠವೆಲ್ಲ ಸುಲಭವಾದ ಪಾಠವಲ್ಲ ಎಂಬುದಕ್ಕೆ ಪ್ರಶಿಕ್ಷಣಾರ್ಥಿಗಳಾದ ನಮಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆದರೆ ಒಂದೇ ವಿಷಯವನ್ನು ಕಿವಿಗೆ, ಕಣ್ಣಿಗೆ, ಕೈಗೆ ಬೇರೆ ಬೇರೆ ದಾರಿಯಲ್ಲಿ ತಲುಪಿಸಲು ಅವರು ಪಟ್ಟ ಪಾಡು ವ್ಯರ್ಥವೆನ್ನಲಾಗದು. ನನ್ನ ಮುಂದಿನ ಪಾಠ ಯೋಜನೆಯಲ್ಲಿ ಕಲಿಕೋಪಕರಣದ ಕಲಮು ತುಂಬುವಾಗ ಆ ಮೂರು ದಾರಿಗಳನ್ನೂ ಯೋಚಿಸುತ್ತಿದ್ದೇನೆ.