ಊರೂರು ತಿರುಗಿ ಸಾಲ ತೀರಿಸಿದ ಮಾರ್ಕ್ ಟ್ವೇನ್

ಟಾಮ್ ಸಾಯರ್, ಹಕಲ್‌ಬೆರಿ ಫಿನ್ ಕಥೆಗಳನ್ನು ಹೈಸ್ಕೂಲು ಮೆಟ್ಟಿಲು ಹತ್ತಿದ ನಮ್ಮೂರ ಮಕ್ಕಳು ಒಂದಿಷ್ಟಾದರೂ ಕೇಳಿರುತ್ತಾರೆ. ಅವನ್ನು ಬರೆದ ಅಮೆರಿಕದ ಮಾರ್ಕ್ ಟ್ವೇನ್ ಲೋಕವನ್ನೆಲ್ಲ ನಗಿಸಿದಾತ. ಈತ ಅರವತ್ತರ ಹೊಸ್ತಿಲಲ್ಲಿ ಕುತ್ತಿಗೆಮಟ್ಟ ಸಾಲದಲ್ಲಿದ್ದ, ಅದನ್ನು ತೀರಿಸಲು ಮುಂಬಯಿ, ಕಲ್ಕತ್ತೆಗೂ ಬಂದು ಹೋದ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಸಾಲ ಕೊಟ್ಟು ವಸೂಲು ಮಾಡುವುದೇ ಕೆಲಸವಾದ ನಮ್ಮ ಸಂಘದ ಈ ಸಂಚಿಕೆಯಲ್ಲಿ ಆತನಿಗೊಂದು ಜಾಗ ಇರಬೇಕಾದ್ದೇ.

ಹೆತ್ತವರಿಟ್ಟ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. ಹುಟ್ಟಿದ್ದು 1835ರಲ್ಲಿ, ಮಿಸೌರಿಯ ಒಂದು ಸಣ್ಣ ಹಳ್ಳಿಯಲ್ಲಿ. ಹನ್ನೊಂದನೇ ವಯಸ್ಸಿಗೆ ತಂದೆ ತೀರಿಕೊಂಡರು. ಹುಡುಗ ಅಚ್ಚುಕೂಟಕ್ಕೆ ಸೇರಿ ಮೊಳೆ ಜೋಡಿಸುವುದು ಕಲಿತ. ಆಮೇಲೆ ನದಿಯಲ್ಲಿ ಹಬೆಹಡಗು ನಡೆಸಿದ, ಪತ್ರಿಕೆಗಳಿಗೆ ಬರೆದ, ಹೆಸರಾದ. 1870ರಲ್ಲಿ ಕಲ್ಲಿದ್ದಲು ವ್ಯಾಪಾರಿಯ ಮಗಳು ಒಲಿವಿಯಾಳನ್ನು ಮದುವೆಯಾದ.

ಕೆಡಿಸಿದ್ದು ಆ ಅಚ್ಚುಮೊಳೆಯ ನಂಟೇ ಎನ್ನಬೇಕು. ಕೈಯಿಂದ ಒಂದೊಂದೇ ಮೊಳೆ ಜೋಡಿಸುವ ಕಷ್ಟ ಆತನಿಗೆ ಗೊತ್ತಿತ್ತು. ಪೇಜ್ ಎಂಬಾತ ಮೊಳೆ ಜೋಡಿಸುವ ಯಂತ್ರ ಮಾಡುತ್ತೇನೆಂದು ಬಂದಾಗ ಮರುಳಾಗಿ ವರ್ಷಗಟ್ಟಲೆ ದುಡ್ಡು ಸುರಿದ. ಸುಮಾರು 18,000 ಬಿಡಿಭಾಗಗಳ ಯಂತ್ರ ಅದು. ಇವತ್ತು ಓಡಿದರೆ ನಾಳೆ ನಿಂತಿತು. ಅಷ್ಟರಲ್ಲಿ ಲೈನೋಟೈಪ್ ಎಂಬ ಬೇರೆ ಯಂತ್ರ ಪತ್ರಿಕೆಗಳನ್ನೆಲ್ಲ ಹಿಡಿದುಬಿಟ್ಟಿತು. ಹೆಂಡತಿಯ ತವರಿನ ಹಣವೂ ಇದರಲ್ಲೇ ಕರಗಿತು. ಜೊತೆಗೊಂದು ಪ್ರಕಾಶನ ಕಂಪನಿ. ಅಧ್ಯಕ್ಷರಾಗಿದ್ದ ಗ್ರಾಂಟ್ ಮಹಾಶಯರ ಆತ್ಮಕಥೆ ಅಚ್ಚು ಹಾಕಿ ಮೊದಮೊದಲು ಚೆನ್ನಾಗಿಯೇ ಗಳಿಸಿತ್ತು. ಆ ಗ್ರಾಂಟರೂ ನಂಬಿದವನಿಂದ ದಿವಾಳಿಯಾಗಿ, ಗಂಟಲಿನ ಕ್ಯಾನ್ಸರಿನಲ್ಲಿ ನರಳುತ್ತ, ಸಂಸಾರಕ್ಕೆ ಆಧಾರವಾಗಲೆಂದೇ ಅದನ್ನು ಬರೆದವರು! ಆಮೇಲಿನ ಪುಸ್ತಕಗಳು ಓಡಲಿಲ್ಲ. 1894ರ ಏಪ್ರಿಲ್‌ನಲ್ಲಿ ಕಂಪನಿ ಬಾಗಿಲು ಹಾಕಿತು. ಸಾಲ ಕೊಟ್ಟವರು ಹತ್ತಿರ ಹತ್ತಿರ ನೂರು ಮಂದಿ.

ಆಗ ಕೈ ಹಿಡಿದವನು ಹೆನ್ರಿ ರೋಜರ್ಸ್. ಎಣ್ಣೆ ಕಂಪನಿಯ ದೊಡ್ಡ ಕುಳ, ವ್ಯವಹಾರದಲ್ಲಿ ನಿಷ್ಠುರಿ, ಆದರೆ ಟ್ವೇನನ ಬರಹವೆಂದರೆ ಪ್ರಾಣ. ಅವನು ಮೊದಲು ಲೆಕ್ಕವನ್ನೆಲ್ಲ ಮೇಜಿನ ಮೇಲೆ ಹರವಿದ. ಒಲಿವಿಯಾ ಕಂಪನಿಗೆ ಸ್ವಂತ ಹಣ ಸಾಲ ಕೊಟ್ಟಿದ್ದಳು. ಆದ್ದರಿಂದ ಮೊದಲ ಹಕ್ಕು ಅವಳದೆಂದು ವಾದಿಸಿ, ಪುಸ್ತಕಗಳ ಹಕ್ಕನ್ನು ಅವಳ ಹೆಸರಿಗೆ ಮಾಡಿಸಿದ. ಇದು ಸಾಲ ಕೊಟ್ಟವರಿಗೆ ಮೋಸವಲ್ಲವೇ ಎಂದು ಯಾರಾದರೂ ಕೇಳಬಹುದು. ಹಾಲು ಕೊಡುವ ಎಮ್ಮೆಯನ್ನೇ ಹರಾಜಿಗೆ ಹಾಕಿದರೆ ಕಂತು ಕಟ್ಟುವುದು ಎಲ್ಲಿಂದ ಸ್ವಾಮಿ? ರೋಜರ್ಸ್ ಮಾಡಿದ್ದೇ ಸರಿ.

ರೂಪಾಯಿಗೆ ಎಂಟಾಣೆ ಲೆಕ್ಕದಲ್ಲಿ ಕೊಟ್ಟು ಕೈ ತೊಳೆದುಕೊಳ್ಳುವ ದಾರಿಯೂ ಇತ್ತು. ಒಲಿವಿಯಾ ಒಪ್ಪಲಿಲ್ಲ. ಪೂರ್ತಿ ತೀರಿಸಬೇಕು ಎಂದು ಹಟ ಹಿಡಿದಳು, ಟ್ವೇನನೂ ಹೂಂ ಅಂದ. ಹಾರ್ಟ್‌ಫರ್ಡ್‌ನ ದೊಡ್ಡ ಮನೆಯನ್ನು 1891ರಲ್ಲೇ ಮುಚ್ಚಿ, ಖರ್ಚು ಕಡಿಮೆಯೆಂದು ಯೂರೋಪಿನಲ್ಲಿ ಬಾಡಿಗೆಗೆ ಇದ್ದವರು ಅವರು. ಉಳಿಸಲು ಇನ್ನೇನೂ ಇರಲಿಲ್ಲ, ಗಳಿಸಬೇಕಿತ್ತು.

ಭಾಷಣಕ್ಕೆ ಊರೂರು ತಿರುಗುವುದೆಂದರೆ ಆತನಿಗೆ ಆಗದು. ಆದರೂ 1895ರ ಜುಲೈನಲ್ಲಿ, ಕಾಲಿಗೆ ದೊಡ್ಡ ಕುರುವಾಗಿದ್ದರೂ, ಹೆಂಡತಿ ಮತ್ತು ಮಗಳು ಕ್ಲಾರಾಳೊಡನೆ ಹೊರಟ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಲೋನ್ ಮುಗಿಸಿ 1896ರ ಜನವರಿಯಲ್ಲಿ ಮುಂಬಯಿಗೆ ಬಂದ. ಕಾಶಿ, ಕಲ್ಕತ್ತ, ಡಾರ್ಜಿಲಿಂಗ್ ಸುತ್ತಿ ದಕ್ಷಿಣ ಆಫ್ರಿಕಕ್ಕೆ ಹೋದ. ಬಂದ ಹಣ ರೋಜರ್ಸ್ ಕೈಗೆ ಹೋಗಬೇಕು, ಸೇರಿದಂತೆ ಅವನು ಸಾಲ ಕೊಟ್ಟವರಿಗೆ ಮುಟ್ಟಿಸಬೇಕು. ಇದು ಏರ್ಪಾಟು. ಹಣ ಟ್ವೇನನ ಕೈಯಲ್ಲೇ ಇದ್ದಿದ್ದರೆ ಇನ್ನೊಂದು ಯಂತ್ರಕ್ಕೆ ಹೋಗುತ್ತಿತ್ತೋ ಏನೋ!

ಇಂಗ್ಲೆಂಡಿಗೆ ಬಂದು ಮುಟ್ಟಿದಾಗ, ಊರಲ್ಲಿ ಬಿಟ್ಟು ಬಂದಿದ್ದ ಹಿರಿಮಗಳು ಸೂಸಿಗೆ ಕಾಯಿಲೆಯೆಂದು ಸುದ್ದಿ ಬಂತು. ತಾಯಿ, ತಂಗಿ ಹಡಗು ಹತ್ತಿದರು. ಅವರು ಇನ್ನೂ ಸಮುದ್ರದ ಮೇಲಿರುವಾಗಲೇ, ಆಗಸ್ಟ್ 18ರಂದು, 24 ವರ್ಷದ ಸೂಸಿ ಮಿದುಳು ಜ್ವರದಿಂದ ತೀರಿಕೊಂಡಳು. ತಂದೆಗೆ ತಂತಿ ಬಂತು. ಮಣ್ಣಿಗೂ ಹೋಗಲಾಗಲಿಲ್ಲ.

ಆ ದುಃಖದಲ್ಲೇ ಲಂಡನ್ನಿನಲ್ಲಿ ಕುಳಿತು ಪ್ರವಾಸದ ಪುಸ್ತಕ ಬರೆದು ಮುಗಿಸಿದ. 1897ರಲ್ಲಿ ಅದು ಹೊರಬಂತು. ಅದೇ ವರ್ಷ ನ್ಯೂಯಾರ್ಕಿನ ಪತ್ರಿಕೆಯೊಂದು ಆತನ ಸಾಲಕ್ಕೆಂದು ಚಂದಾ ಎತ್ತಲು ಹೊರಟಿತು. ಟ್ವೇನ್ ಮೊದಲು ಒಪ್ಪಿಕೊಂಡಿದ್ದ. ಮನೆಯವರು ಬಿಡಲಿಲ್ಲ, ಬೇಡವೆಂದು ಬರೆಸಿದರು.

1898ರ ಆರಂಭದಲ್ಲಿ, ವಿಯೆನ್ನಾದಲ್ಲಿದ್ದಾಗ, ಸಾಲವೆಲ್ಲ ಚುಕ್ತಾ ಆಯಿತು. ಒಬ್ಬರಿಗೂ ಬಾಕಿ ಉಳಿಯಲಿಲ್ಲ. ಒಲಿವಿಯಾ 1904ರಲ್ಲಿ, ಟ್ವೇನ್ 1910ರಲ್ಲಿ ತೀರಿಕೊಂಡರು. ಒಂದು ಮಾತು ಹೇಳುವುದು ಬಿಟ್ಟುಹೋಯಿತು. ಸಾಲ ತೀರಿದ ಅದೇ ವರ್ಷ ವಿಯೆನ್ನಾದಲ್ಲಿ ರತ್ನಗಂಬಳಿಯ ಚಿತ್ತಾರ ಮಾಡುವ ಹೊಸ ಯಂತ್ರವೊಂದು ಟ್ವೇನನ ಕಣ್ಣಿಗೆ ಬಿತ್ತು. ಅದರ ಹಕ್ಕು ಕೊಳ್ಳೋಣವೇ ಎಂದು ಉತ್ಸಾಹದಿಂದ ರೋಜರ್ಸ್‌ಗೆ ಕಾಗದ ಬರೆದ. ರೋಜರ್ಸ್ ಬೇಡವೆಂದ.