ಮಿಂಚಿನ ಕಾಲಿನ ವೀರ ಬ್ರೂಸ್ ಲೀ



ನಮ್ಮೂರಲ್ಲಿ ಯಾವನಾದರೂ ಹುಡುಗ ಕಾಲೆತ್ತಿ ಒದೆಯೋಕೆ ಹೋದರೆ ಸಾಕು, ಅವನಿಗೆ ಬ್ರೂಸ್ ಲೀ ಅಂತ ಅಡ್ಡಹೆಸರು ಬೀಳುತ್ತದೆ. ಆ ಬ್ರೂಸ್ ಲೀ ತೀರಿಕೊಂಡು ಐವತ್ತು ವರ್ಷ ದಾಟಿದೆ. ಆದರೂ ಹೆಸರು ಮಾತ್ರ ಅಳಿದಿಲ್ಲ. ನಾನು ಕರಾಟೆ ಕಲಿಯಲು ಶುರು ಮಾಡಿದ ಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ರೂಸ್ ಲೀ 1940ರ ನವೆಂಬರ್ 27ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದರು. ತಂದೆ ಹಾಂಗ್‌ಕಾಂಗ್‌ನ ಸಂಗೀತ ನಾಟಕದ ನಟ. ನಾಟಕ ತಂಡದ ಜೊತೆ ಅಲ್ಲಿಗೆ ಹೋಗಿದ್ದಾಗ ಈ ಮಗು ಹುಟ್ಟಿತು. ಆಮೇಲೆ ಬೆಳೆದದ್ದೆಲ್ಲ ಹಾಂಗ್‌ಕಾಂಗ್‌ನಲ್ಲಿ. ಓದಿನಲ್ಲಿ ಅಷ್ಟಕ್ಕಷ್ಟೆ, ಬೀದಿ ಜಗಳದಲ್ಲಿ ಮಾತ್ರ ಮುಂದು. ಹದಿಹರೆಯದಲ್ಲಿ ಇಪ್ ಮ್ಯಾನ್ ಎಂಬ ಗುರುಗಳ ಹತ್ತಿರ ವಿಂಗ್ ಚುನ್ ಎಂಬ ಚೀನೀ ಯುದ್ಧಕಲೆ ಕಲಿತರು. ಡ್ಯಾನ್ಸಿನಲ್ಲೂ ಗಟ್ಟಿಗರು. 1958ರಲ್ಲಿ ಹಾಂಗ್‌ಕಾಂಗ್‌ನ ಚಾ-ಚಾ ನೃತ್ಯ ಸ್ಪರ್ಧೆ ಗೆದ್ದಿದ್ದರು. ಕಾಲಿನ ಚುರುಕು ಅಲ್ಲಿಂದಲೇ ಬಂತೋ ಏನೋ ಅಂತ ನನಗೆ ಅನ್ನಿಸುತ್ತದೆ.

ಜಗಳ ಹೆಚ್ಚಾದಾಗ ಮನೆಯವರು 1959ರಲ್ಲಿ ಅವರನ್ನು ಅಮೆರಿಕಕ್ಕೆ ಕಳಿಸಿಬಿಟ್ಟರು. ಸಿಯಾಟಲ್ ನಗರದ ಒಂದು ಹೋಟೆಲಿನಲ್ಲಿ ಕೆಲಸ ಮಾಡುತ್ತಾ ಓದಿದರು. ಜೊತೆಗೆ ಯುದ್ಧಕಲೆಯನ್ನೂ ಹೇಳಿಕೊಟ್ಟರು. ಆಗೆಲ್ಲ ಕೆಲವು ಚೀನೀ ಗುರುಗಳಿಗೆ ಈ ವಿದ್ಯೆಯನ್ನು ಹೊರಗಿನವರಿಗೆ ಕಲಿಸೋದು ಇಷ್ಟವಿರಲಿಲ್ಲ. ಲೀ ಅವರು ಕಪ್ಪು, ಬಿಳಿ ಅಂತ ನೋಡದೆ ಬಂದವರಿಗೆಲ್ಲ ಕಲಿಸಿದರು.

ಈಗ ಕಾಲಿನ ವಿಷಯಕ್ಕೆ ಬರೋಣ. ವಿಂಗ್ ಚುನ್‌ನಲ್ಲಿ ಕೈಯದೇ ಹೆಚ್ಚು ಕೆಲಸ. ಒದೆತಗಳು ಸಾಮಾನ್ಯವಾಗಿ ಸೊಂಟದ ಕೆಳಗೇ ಇರುತ್ತವೆ. ಅಂದರೆ ನಾವು ಸಿನಿಮಾದಲ್ಲಿ ನೋಡುವ ಎತ್ತರದ ಕಿಕ್ ಲೀ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಮೊದಲ ಗುರುವಿನಿಂದ ಬಂದದ್ದೂ ಅಲ್ಲ. 1964ರಲ್ಲಿ ಲಾಂಗ್ ಬೀಚ್ ಕರಾಟೆ ಪಂದ್ಯಾವಳಿಯಲ್ಲಿ ಜೂನ್ ರೀ ಎಂಬ ಕೊರಿಯಾದ ಟೇಕ್ವಾಂಡೋ ಗುರುಗಳ ಪರಿಚಯವಾಯಿತು. ಇವರು ಅವರಿಗೆ ಕೈ ವಿದ್ಯೆ ತೋರಿಸಿದರು, ಅವರು ಇವರಿಗೆ ಕಾಲಿನ ವಿದ್ಯೆ ತೋರಿಸಿದರು. ಎಲ್ಲಿ ಒಳ್ಳೆಯದಿದ್ದರೂ ತೆಗೆದುಕೊಳ್ಳೋದು ಅವರ ಗುಣ.

ಅದೇ ಕಾಲದಲ್ಲಿ ಓಕ್‌ಲ್ಯಾಂಡ್‌ನಲ್ಲಿ ವಾಂಗ್ ಜಾಕ್ ಮ್ಯಾನ್ ಎಂಬುವರ ಜೊತೆ ಒಂದು ಕಾಳಗವಾಯಿತು. ಯಾರು ಗೆದ್ದರು ಅನ್ನೋದಕ್ಕೆ ಎರಡು ಮಾತಿದೆ. ಆದರೆ ಕೆಲವೇ ನಿಮಿಷಕ್ಕೆ ತಮಗೆ ಏದುಸಿರು ಬಂದದ್ದು ಲೀ ಅವರನ್ನು ಚುಚ್ಚಿತು. ಬರೀ ಪಟ್ಟು ಗೊತ್ತಿದ್ದರೆ ಸಾಲದು, ದಮ್ಮು ಬೇಕು ಅಂತ ತಿಳಿದು ದಿನಾ ಓಟ, ಸ್ಕಿಪ್ಪಿಂಗ್, ಸೈಕಲ್ ಎಲ್ಲ ಶುರು ಮಾಡಿದರು. 1967ರಲ್ಲಿ ತಮ್ಮ ಪದ್ಧತಿಗೆ ಜೀತ್ ಕುನ್ ಡೋ ಎಂದು ಹೆಸರಿಟ್ಟರು.

ಅವರ ಕಿಕ್ಕಿನ ಗುಟ್ಟೇನು? ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಒದೆಯುವ ಮೊದಲು ಮೈ ಬಿಗಿಯಾಗಿರಬಾರದು, ಸಡಿಲವಾಗಿರಬೇಕು. ಬಿಗಿದ ಕಾಲು ಬೇಗ ಹೋಗೋದಿಲ್ಲ. ಮೊದಲು ಮಂಡಿ ಮೇಲೇಳಬೇಕು. ನೆಲದ ಮೇಲಿರುವ ಪಾದ ತಿರುಗಬೇಕು. ಸೊಂಟ ಅದರ ಜೊತೆ ತಿರುಗಬೇಕು. ಆಮೇಲೆ ಕಾಲು ಚಾಟಿಯಂತೆ ಹೋಗಿ, ಹೋದಷ್ಟೇ ಬೇಗ ವಾಪಸ್ ಬರಬೇಕು. ಶಕ್ತಿ ಬರೋದು ಸೊಂಟದಿಂದ, ಬರೀ ಕಾಲಿಂದಲ್ಲ. ಭುಜ ಎಳೆದೋ ಕೈ ಬೀಸಿಯೋ ಎದುರಾಳಿಗೆ ಮೊದಲೇ ಸುಳಿವು ಕೊಟ್ಟರೆ ವೇಗ ಇದ್ದೂ ದಂಡ. ಲೀ ಅವರು ಎದುರಾಳಿಗೆ ಹತ್ತಿರವಿರುವ ಮುಂಗಾಲಿನಿಂದಲೇ ಅಡ್ಡ ಕಿಕ್ ಹೊಡೆಯುತ್ತಿದ್ದರು. ದೂರ ಕಮ್ಮಿ, ಅದಕ್ಕೇ ಬೇಗ ಮುಟ್ಟುತ್ತಿತ್ತು.

ಇಂಥವರಿಗೂ 1970ರಲ್ಲಿ ದೊಡ್ಡ ಪೆಟ್ಟು ಬಿತ್ತು. ಒಂದು ದಿನ ಮೈ ಬಿಸಿ ಮಾಡಿಕೊಳ್ಳದೆ, ಭಾರದ ಕಬ್ಬಿಣದ ರಾಡನ್ನು ಹೆಗಲ ಮೇಲಿಟ್ಟು ಬಗ್ಗಿದರು. ಬೆನ್ನಿನ ಕೆಳಭಾಗದ ನರಕ್ಕೆ ಏಟಾಯಿತು. ಇನ್ನು ಮೊದಲಿನಂತೆ ಒದೆಯಲು ಆಗೋದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟರು. ಮನೆಯಲ್ಲಿ ಐದು ವರ್ಷದ ಮಗ, ಒಂದು ವರ್ಷದ ಮಗಳು. ಹೆಂಡತಿ ಲಿಂಡಾ ಹೊರಗೆ ಕೆಲಸಕ್ಕೆ ಹೋಗಿ ಸಂಸಾರ ತೂಗಿಸಿದರು. ಲೀ ಅವರು ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದರೂ ಸುಮ್ಮನಿರಲಿಲ್ಲ. ಓದಿದರು, ತಮ್ಮ ವಿದ್ಯೆಯ ಬಗ್ಗೆ ಟಿಪ್ಪಣಿ ಬರೆದರು. ಅವುಗಳಿಂದಲೇ ಅವರು ಸತ್ತ ಮೇಲೆ 1975ರಲ್ಲಿ ಒಂದು ಪುಸ್ತಕ ಬಂತು.

ಆಮೇಲೆ ನಿಧಾನವಾಗಿ ಎದ್ದರು, ನಡೆದರು, ಮತ್ತೆ ಕಾಲೆತ್ತಿದರು. 1971ರ ಮೊದಲಲ್ಲಿ ಒಂದು ಸಿನಿಮಾಕ್ಕೆ ಜಾಗ ಹುಡುಕಲು ನಮ್ಮ ಭಾರತಕ್ಕೂ ಬಂದಿದ್ದರು, ಗೊತ್ತಾ? ಅದೇ ವರ್ಷ ಥಾಯ್ಲೆಂಡಿನಲ್ಲಿ ತೆಗೆದ ದಿ ಬಿಗ್ ಬಾಸ್ ಸಿನಿಮಾ ಬಂತು. ಒದೆಯಲಾಗದು ಅಂದಿದ್ದ ಕಾಲನ್ನೇ ನೋಡಲು ಜನ ಮುಗಿಬಿದ್ದರು. ಬೆನ್ನುನೋವು ಮಾತ್ರ ಕೊನೆಯವರೆಗೂ ಬಿಡಲಿಲ್ಲ. 1973ರ ಜುಲೈ 20ರಂದು ಮೆದುಳಿನ ಊತದಿಂದ ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡರು. ಆಗ ವಯಸ್ಸು ಬರೀ 32. ಎಂಟರ್ ದ ಡ್ರ್ಯಾಗನ್ ಬಿಡುಗಡೆಯಾದದ್ದನ್ನು ಅವರು ನೋಡಲೇ ಇಲ್ಲ. ಅವರ ಸಮಾಧಿ ಸಿಯಾಟಲ್‌ನಲ್ಲಿದೆ.

ಗೆಳೆಯರೇ, ಆಟದ ಪೀರಿಯಡ್ ಬಂದ ಕೂಡಲೇ ಚೀಲ ಬಿಸಾಕಿ ಕಾಲು ಬೀಸುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಮೊದಲು ಹತ್ತು ನಿಮಿಷ ಮೈದಾನ ಸುತ್ತಿ, ಕೈಕಾಲು ಸಡಿಲ ಮಾಡಿಕೊಳ್ಳಿ. ಗಾಳಿಯಲ್ಲಿ ಜೋರಾಗಿ ಒದ್ದರೆ ಮಂಡಿ ಉಳುಕುತ್ತದೆ, ಮೊದಲು ನಿಧಾನವಾಗಿ ಸರಿಯಾಗಿ ಒದೆಯಿರಿ. ಸರಿಯಾದ ಮೇಲೆ ವೇಗ ತಾನಾಗೇ ಬರುತ್ತದೆ. ಅಂಥಾ ಬ್ರೂಸ್ ಲೀ ಅವರ ಬೆನ್ನೇ ಒಂದು ದಿನದ ಅವಸರವನ್ನು ತಡೆಯಲಿಲ್ಲ, ಇನ್ನು ನಮ್ಮದು ತಡೆದೀತೇ?