ಪಂಡಿತಾ ರಮಾಬಾಯಿಯವರು ಕೃಪೆಯಲ್ಲಿ ಬೆಳೆದ ಬಗೆ

ವರ್ಷದ ಕಡೆಯ ರಾತ್ರಿ ದೇವಾಲಯದಲ್ಲಿ ಮೊಣಕಾಲೂರಿ ಸಂಕಲ್ಪಗಳನ್ನು ಮಾಡುವುದು ನಮ್ಮ ಕ್ರೈಸ್ತ ಮನೆತನಗಳಲ್ಲಿ ನಡೆದುಬಂದ ಪದ್ಧತಿಯಾಗಿದೆ. ದಿನವೂ ವೇದಪುಸ್ತಕವನ್ನು ಓದುವೆವು, ಕೋಪವನ್ನು ಬಿಡುವೆವು, ನೆರೆಯವರಿಗೆ ಉಪಕಾರ ಮಾಡುವೆವು ಎಂದು ಅಂದುಕೊಂಡದ್ದರಲ್ಲಿ ಬಹುಪಾಲು ಎರಡನೆಯ ತಿಂಗಳು ಮುಗಿಯುವುದರೊಳಗೆ ಬಾಡಿಹೋಗುವುದನ್ನೂ ನಾವೆಲ್ಲರೂ ಬಲ್ಲೆವು. ಹೀಗಿರಲು, ದೀಕ್ಷಾಸ್ನಾನ ಹೊಂದಿದ ಬಳಿಕವೂ ತನ್ನಲ್ಲಿ ಕೊರತೆಯುಂಟೆಂದು ಕಂಡುಕೊಂಡು, ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋದ ಒಬ್ಬ ಮಹಾತಾಯಿಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದೆ ಇಡುವುದು ಯುಕ್ತವೆಂದು ನಮಗೆ ತೋರಿದೆ.

ಪಂಡಿತಾ ರಮಾಬಾಯಿಯವರು ನಮ್ಮ ಕನ್ನಡನಾಡಿನ ಮಣ್ಣಿನಲ್ಲಿಯೇ ಹುಟ್ಟಿದವರು. ತುಂಗಾ, ಭದ್ರಾ, ನೇತ್ರಾವತಿಗಳ ಉಗಮಸ್ಥಾನವಾದ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ನೇ ಏಪ್ರಿಲ್ 23ರಂದು ಅವರ ಜನನವಾಯಿತು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಗಸರಿಗೆ ಸಂಸ್ಕೃತ ಕಲಿಸಬಾರದೆಂಬ ಅಂದಿನ ಕಟ್ಟಳೆಯನ್ನು ಮೀರಿ ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿದ್ದರಿಂದ ಅವರು ಸ್ವಜನರ ನಿಂದೆಗೆ ಗುರಿಯಾದರು. ಆ ತಾಯಿಯ ಬಾಯಿಂದಲೇ ಮಗಳು ರಮೆಯು ವಿದ್ಯೆಯನ್ನು ಕಲಿತು, ಭಾಗವತದ ಸಾವಿರಾರು ಶ್ಲೋಕಗಳನ್ನು ಚಿಕ್ಕಂದಿನಲ್ಲಿಯೇ ಕಂಠಪಾಠ ಮಾಡಿದಳು.

ಕುಟುಂಬವು ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಅಲೆಯುತ್ತಿದ್ದಾಗ ಘೋರವಾದ ಕ್ಷಾಮವು ಬಂದಿತು. 1874ರಲ್ಲಿ ತಂದೆಯೂ, ಸ್ವಲ್ಪ ಕಾಲದಲ್ಲಿ ತಾಯಿಯೂ ಅಕ್ಕನೂ ತೀರಿಹೋದರು. ಉಳಿದವರು ರಮಾಬಾಯಿಯೂ ಅಣ್ಣ ಶ್ರೀನಿವಾಸನೂ ಮಾತ್ರ. ಹೊದೆಯಲು ಬಟ್ಟೆಯಿಲ್ಲದೆ ನದಿಯ ದಂಡೆಯಲ್ಲಿ ಗುಂಡಿ ತೋಡಿ, ಮೈಮೇಲೆ ಮರಳೆಳೆದುಕೊಂಡು ಅವರಿಬ್ಬರೂ ಚಳಿಯ ರಾತ್ರಿಯನ್ನು ಕಳೆದದ್ದುಂಟು. 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ಈ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಆದರೆ 1880ರಲ್ಲಿ ಅಣ್ಣನು ಮೃತನಾದನು. ಅದೇ ವರ್ಷ ವಂಗದೇಶದ ವಕೀಲರಾದ ಬಿಪಿನ್ ಬಿಹಾರಿ ದಾಸರನ್ನು ವರಿಸಿ ಮನೋರಮೆಯೆಂಬ ಹೆಣ್ಣುಮಗುವನ್ನು ಪಡೆದರು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯಿಂದ ತೀರಿಕೊಂಡರು. ಆ ಮನೆಯ ಪುಸ್ತಕಗಳ ನಡುವೆಯೇ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯು ಅವರ ಕೈಗೆ ಸಿಕ್ಕಿತ್ತು. ಬೀಜವು ಹೀಗೆ ನೆಲಕ್ಕೆ ಬಿದ್ದಿತು.

1883ರಲ್ಲಿ ಅವರು ವಿದ್ಯಾರ್ಜನೆಗಾಗಿ ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಊರಿನ ಸನ್ಯಾಸಿನಿಯರ ಆಶ್ರಯದಲ್ಲಿದ್ದರು. ದಾರಿತಪ್ಪಿದ ಸ್ತ್ರೀಯರನ್ನು ಆ ಸಹೋದರಿಯರು ಪ್ರೀತಿಯಿಂದ ಸಲಹುವುದನ್ನು ಕಂಡು, ಸಮಾರ್ಯದ ಸ್ತ್ರೀಯ ವೃತ್ತಾಂತವನ್ನು ಯೋಹಾನನ ಸುವಾರ್ತೆಯಲ್ಲಿ ಓದಿ ಮನಕರಗಿ, ಅದೇ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಹೊಂದಿದರು.

ಇಲ್ಲಿಗೆ ಚರಿತ್ರೆಯು ಮುಗಿಯಿತೆಂದು ಅನೇಕರು ಭಾವಿಸುವರು. ಆತ್ಮಿಕ ಜೀವಿತದ ದೃಷ್ಟಿಯಿಂದ ಅದು ಆಗತಾನೇ ಆರಂಭವಾಗಿತ್ತು. ಅಮೆರಿಕದಲ್ಲಿ ಸಂಚರಿಸಿ, ಸಹಾಯ ಕೂಡಿಸಿ, 1889ನೇ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಅವರ ಹೆಸರು ಎರಡು ಖಂಡಗಳಲ್ಲಿ ಪ್ರಸಿದ್ಧವಾಗಿತ್ತು. ಆದರೂ 1891ರ ಸುಮಾರಿಗೆ, ದೀಕ್ಷಾಸ್ನಾನವಾಗಿ ಎಂಟು ವರ್ಷಗಳಾದ ಮೇಲೆ, ವಿಲಿಯಂ ಹ್ಯಾಸ್ಲಮ್ ಎಂಬ ಬೋಧಕರ ಆತ್ಮಚರಿತ್ರೆಯನ್ನು ಓದುತ್ತ ತಮ್ಮನ್ನು ಪರೀಕ್ಷಿಸಿಕೊಂಡಾಗ, ತಾವು ಕ್ರೈಸ್ತಮತವನ್ನು ಕಂಡುಕೊಂಡಿದ್ದರೂ ಕ್ರಿಸ್ತನನ್ನೇ ಇನ್ನೂ ಕಂಡುಕೊಂಡಿಲ್ಲವೆಂದು ಅವರಿಗೆ ತಿಳಿಯಿತು. ಜಗತ್ತೇ ಹೊಗಳುತ್ತಿರುವಾಗ ತನ್ನ ಕೊರತೆಯನ್ನು ತಾನೇ ಒಪ್ಪಿಕೊಳ್ಳುವುದು ಸುಲಭವೇ? ಅವರು ಒಪ್ಪಿಕೊಂಡು, ಇದ್ದ ಹಾಗೆಯೇ ಕರ್ತನಿಗೆ ತಮ್ಮನ್ನು ಒಪ್ಪಿಸಿಕೊಟ್ಟರು.

ಬೆಳವಣಿಗೆಗೆ ಬೆಲೆಯುಂಟು. ಸದನದಲ್ಲಿ ಯಾರ ಮತಕ್ಕೂ ಕೈಹಾಕೆವೆಂಬ ಮಾತಿತ್ತು. ರಮಾಬಾಯಿಯವರು ತಮ್ಮ ಪ್ರಾರ್ಥನೆಯನ್ನು ತಮ್ಮ ಕೋಣೆಯಲ್ಲಿಯೇ ಮಾಡುತ್ತಿದ್ದರು. ಆದರೆ ಬಾಗಿಲನ್ನು ಮುಚ್ಚಲಿಲ್ಲ. ಹುಡುಗಿಯರಲ್ಲಿ ಕೆಲವರು ತಾವಾಗಿಯೇ ಬಂದು ಕುಳಿತರು. ಇದರಿಂದ ಪುಣೆಯಲ್ಲಿ ಕೋಲಾಹಲವೆದ್ದು, 1893ರಲ್ಲಿ ರಾನಡೆ, ಭಂಡಾರಕರ್ ಮೊದಲಾದ ಹಿತೈಷಿಗಳೂ ಸಲಹಾಮಂಡಲಿಯನ್ನು ಬಿಟ್ಟರು. ಅನೇಕ ಹುಡುಗಿಯರನ್ನು ಮನೆಯವರು ಕರೆದೊಯ್ದರು. ಮಾತಿಗೆ ತಪ್ಪಿತೆಂದು ಆ ಹಿರಿಯರಿಗೆ ತೋರಿದ್ದು ಆಶ್ಚರ್ಯವಲ್ಲ. ರಮಾಬಾಯಿಯವರಿಗಾದರೋ, ತನ್ನ ಮನೆಯಲ್ಲಿ ತಾನು ಪ್ರಾರ್ಥಿಸುವುದನ್ನು ಮರೆಮಾಚುವುದು ಮನಸ್ಸಾಕ್ಷಿಗೆ ವಿರುದ್ಧವಾಗಿತ್ತು. ಬಹುವರ್ಷಗಳ ಸ್ನೇಹವನ್ನು ಕಳೆದುಕೊಂಡರೂ ಬಾಗಿಲು ತೆರೆದೇ ಇತ್ತು.

1896ರ ಕೊನೆಯಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮವು ತಲೆದೋರಿದಾಗ, ತಾವು ತಂದೆತಾಯಿಗಳನ್ನು ಕಳೆದುಕೊಂಡ ಕ್ಷಾಮವು ಅವರ ನೆನಪಿಗೆ ಬಂದಿತು. ಕೈಯಲ್ಲಿ ಸಾಕಷ್ಟು ಹಣವಿಲ್ಲದಿದ್ದರೂ ದೇವರನ್ನೇ ನಂಬಿ ಹೊರಟು ಸುಮಾರು ಮುನ್ನೂರು ಮಂದಿ ಹುಡುಗಿಯರನ್ನೂ ಸ್ತ್ರೀಯರನ್ನೂ ಕರೆತಂದರು. ಪುಣೆಯ ಪೂರ್ವಕ್ಕಿರುವ ಕೆಡಗಾವಿನ ಹೊಲದಲ್ಲಿ ಹೀಗೆ ಮುಕ್ತಿಸದನವು ಹುಟ್ಟಿತು. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿಯ ನಿವಾಸಿಗಳ ಸಂಖ್ಯೆಯು ಎರಡು ಸಾವಿರದ ಹತ್ತಿರ ಏರಿತು. ಓದುಬರಹದ ಜೊತೆಗೆ ನೇಯ್ಗೆ, ಹೊಲಿಗೆ, ಬೇಸಾಯ, ಮುದ್ರಣ ಮೊದಲಾದ ಕಸಬುಗಳನ್ನು ಅವರಿಗೆ ಕಲಿಸಲಾಯಿತು. ಕುರುಡರಿಗೆ ಮನೋರಮೆಯು ಬೆರಳಿನಿಂದ ಓದುವ ವಿದ್ಯೆಯನ್ನು ಕಲಿಸಿದಳು.

ಹೊಸ ವರ್ಷದ ವಿಷಯವನ್ನು ಕುರಿತು ನಾವು ವಿಶೇಷವಾಗಿ ಗಮನಿಸತಕ್ಕದ್ದು ಇಲ್ಲಿದೆ. 1905ರ ಜನವರಿಯಲ್ಲಿ, ಇಷ್ಟೆಲ್ಲ ಕಾರ್ಯಗಳು ಸಾಗಿರುವಾಗ, ರಮಾಬಾಯಿಯವರು ಹೊಸ ಕಟ್ಟಡವನ್ನಾಗಲಿ ಹೊಸ ಕಸಬನ್ನಾಗಲಿ ಬಯಸಲಿಲ್ಲ. ಎಲ್ಲರ ಆತ್ಮಿಕ ಉಜ್ಜೀವನಕ್ಕಾಗಿ ಪ್ರಾರ್ಥಿಸಲು ಮನಸ್ಸುಳ್ಳವರು ಬನ್ನಿರೆಂದು ಕರೆದರು. ಸುಮಾರು ಎಪ್ಪತ್ತು ಮಂದಿ ಪ್ರತಿದಿನವೂ ಕೂಡಿದರು. ಆ ಗುಂಪು ಕುಗ್ಗದೆ ಜೂನ್ ತಿಂಗಳಲ್ಲಿ ಐನೂರಕ್ಕೂ ಮೀರಿತು. ಆ ತಿಂಗಳ ಕೊನೆಯಲ್ಲಿ ಮುಕ್ತಿಸದನದ ಪ್ರಖ್ಯಾತ ಉಜ್ಜೀವನವು ಆರಂಭವಾಯಿತು. ಜನವರಿಯ ಸಂಕಲ್ಪವು ಜೂನಿನವರೆಗೆ ಬಾಡದೆ ಇದ್ದದ್ದೇ ನಮಗೆ ಪಾಠವಾಗಿದೆ.

ಮುಂದೆ ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳವಾದ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸುವುದರಲ್ಲಿ ಅವರು ಹಲವು ವರ್ಷ ದುಡಿದರು. ಮೊಳೆ ಜೋಡಿಸಿ ಅಚ್ಚು ಮಾಡಿದವರು ಮುಕ್ತಿಸದನದ ಸ್ತ್ರೀಯರೇ. ನಮ್ಮ ಗುಲ್ಬರ್ಗದಲ್ಲಿಯೂ ತಾಯಿಮಗಳು ಒಂದು ಕ್ರೈಸ್ತ ಶಾಲೆಯನ್ನು ತೆರೆದರು. 1921ನೇ ಜುಲೈಯಲ್ಲಿ, ಎಲ್ಲ ಭಾರವನ್ನೂ ಹೊರತಕ್ಕವಳೆಂದು ನೆಚ್ಚಿದ್ದ ಮನೋರಮೆಯು ನಲವತ್ತರ ವಯಸ್ಸಿನಲ್ಲಿ ತೀರಿಹೋದಳು. ಕಿವಿ ಮಂದವಾಗಿ ದೇಹವು ಬಳಲಿದ್ದ ತಾಯಿಯು ಆ ದುಃಖದಲ್ಲಿಯೂ ಭಾಷಾಂತರವನ್ನು ಬಿಡದೆ ಪೂರೈಸಿ, 1922ನೇ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಗ್ರಂಥವು 1924ರಲ್ಲಿ ಪ್ರಕಟವಾಯಿತು. ಮುಕ್ತಿಸದನವು ಇಂದಿಗೂ ಕೆಡಗಾವಿನಲ್ಲಿ ದಿಕ್ಕಿಲ್ಲದವರಿಗೆ ಆಶ್ರಯವಾಗಿದೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಮ್ಮ ಶಾಲೆಯಲ್ಲಿ ನೀವು ಕೀರ್ತನೆಗಳನ್ನೂ ಪ್ರಾರ್ಥನೆಗಳನ್ನೂ ಬಾಯಿಪಾಠ ಮಾಡಿದಿರಿ. ಅದು ಬೀಜವೇ ಸರಿ. ನೀರೆರೆಯುವ ಭಾರವು ನಿಮ್ಮದಾಗಿದೆ. ಈ ವರ್ಷ ಬಹು ಸಂಕಲ್ಪಗಳು ಬೇಡ. ತನ್ನ ಕೊರತೆಯನ್ನು ದೇವರ ಮುಂದೆ ಒಪ್ಪಿಕೊಳ್ಳುವುದು ಒಂದು. ದಿನಕ್ಕೊಂದು ಗಳಿಗೆಯಾದರೂ ಪ್ರಾರ್ಥನೆಯಲ್ಲಿ ಕುಳಿತುಕೊಳ್ಳುವುದು ಮತ್ತೊಂದು. ಕಷ್ಟದಲ್ಲಿರುವ ಒಬ್ಬರನ್ನಾದರೂ ಕೈಹಿಡಿದು ಎತ್ತುವುದು ಮೂರನೆಯದು. ತಂದೆತಾಯಿಗಳೇ, ನಿಮ್ಮ ಪ್ರಾರ್ಥನೆಯ ಕೋಣೆಯ ಬಾಗಿಲನ್ನೂ ತೆರೆದಿಡಿರಿ. ಮಕ್ಕಳನ್ನು ಗದರಿಸಿ ಕರೆಯಬೇಕಾಗಿಲ್ಲ. ನೋಡಿದವರು ತಾವಾಗಿಯೇ ಬಂದು ಕುಳಿತುಕೊಳ್ಳುವರು.